ಮೂರನೇ ತಿರುವಿನಲ್ಲಿ ಇಳಿದೆ, ಗೆಳೆಯಾ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಮತ್ತೆ ಸೈಕಲ್ ಹತ್ತುವ ಆಸೆಯಿದೆ, ಆದರೆ ಏರುದಾರಿ ನೆನೆಸಿಕೊಂಡರೇ ಭಯ ಅಂತ ನೀನು ಅಂದೆ. "ಹೊರಡೋ, ಎಲ್ಲ ಸರಿಹೋಗುತ್ತೆ" ಅಂತ ನಾನು ಅಂದುಬಿಟ್ಟೆ. ಅದು ಉತ್ತರವಲ್ಲ. ಅದಕ್ಕೇ ಈ ಪತ್ರ. ನಮ್ಮ ಹಾಗೆ ಸೈಕಲ್ ಬಿಟ್ಟು ಕೂತವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಬೇಜಾರಿಲ್ಲ ಅಲ್ವಾ?

ಏಳು ವರ್ಷ ಬಿಟ್ಟು ಮೊದಲ ಸಲ ಆ ಏರಿನ ಬುಡಕ್ಕೆ ಹೋದ ದಿನ ಚೆನ್ನಾಗಿ ನೆನಪಿದೆ. ಎರಡು ಕಿಲೋಮೀಟರ್ ದೂರ. ಸರಾಸರಿ ಏರು ಶೇಕಡ 8, ಅಂದರೆ ನೂರು ಮೀಟರ್ ಮುಂದೆ ಹೋದರೆ ಎಂಟು ಮೀಟರ್ ಮೇಲೆ ಹೋಗಿರುತ್ತೇವೆ. ಹೇಳುವಾಗ ಸಣ್ಣ ಲೆಕ್ಕ. ಹಳೆಯ ನೆನಪಿನ ಮೇಲೆ ಹಳೆಯ ವೇಗದಲ್ಲೇ ತುಳಿಯಲು ಶುರು ಮಾಡಿದೆ. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಬಾಯಿ ಒಣಗಿತು. ಮೂರನೆಯದರಲ್ಲಿ ಎದೆಬಡಿತ ಕಿವಿಯಲ್ಲೇ ಕೇಳಿಸುತ್ತಿತ್ತು, ತೊಡೆ ಉರಿಯುತ್ತಿತ್ತು. ಇಳಿದುಬಿಟ್ಟೆ. ದಾರಿಯಲ್ಲಿ ಹೋಗುವವರು ಚೈನ್ ಬಿದ್ದಿದೆ ಅಂದುಕೊಳ್ಳಲಿ ಅಂತ ಬಗ್ಗಿ ನಿಂತೆ. ಆಮೇಲೆ ಸೈಕಲ್ ತಳ್ಳಿಕೊಂಡು ಹತ್ತಿದೆ. ಒಟ್ಟು 31 ನಿಮಿಷ. ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ.

ನಿನಗೆ ಆ ನಾಚಿಕೆ ಬೇಡ. 1910ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಓಟವನ್ನು ಮೊದಲ ಸಲ ಪಿರನೀಸ್ ಪರ್ವತದ ಎತ್ತರದ ದಾರಿಗಳ ಮೇಲೆ ಹತ್ತಿಸಿದರು. 2115 ಮೀಟರ್ ಎತ್ತರದ ತುರ್ಮಲೆ ಘಟ್ಟವೂ ಅದರಲ್ಲಿತ್ತು. ಆಗ ಅದು ಕಲ್ಲುಮಣ್ಣಿನ ದಾರಿ. ಆ ವರ್ಷ ಇಡೀ ಓಟವನ್ನೇ ಗೆದ್ದ ಒಕ್ಟಾವ್ ಲಪೀಜ್ ಆ ಏರಿನಲ್ಲಿ ಎಷ್ಟೋ ಕಡೆ ಇಳಿದು ಸೈಕಲ್ ತಳ್ಳಿಕೊಂಡೇ ಹೋದ. ದಾರಿಯಲ್ಲಿ ಓಟ ನಡೆಸುವವರನ್ನು ಕಂಡು "ಕೊಲೆಗಾರರು" ಅಂತ ಬೈದನಂತೆ. ಗೆದ್ದವನೇ ತಳ್ಳಿದ್ದಾನೆ ಕಣೋ. ಮೂರನೇ ತಿರುವಿನಲ್ಲಿ ಬಗ್ಗಿ ನಿಂತಿದ್ದಾಗ ನನಗೆ ಇದು ನೆನಪಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಏರಿನಲ್ಲಿ ನಿಧಾನವಾಗಿ ಹೋಗು. ಇನ್ನೂ ನಿಧಾನವಾಗಿ. ನೀನು ಅಂದುಕೊಂಡಿದ್ದಕ್ಕಿಂತ ನಿಧಾನವಾಗಿ. ಇದು ಸಮಾಧಾನದ ಮಾತಲ್ಲ, ಲೆಕ್ಕ. ಸಮತಟ್ಟು ದಾರಿಯಲ್ಲಿ ನಮ್ಮನ್ನು ಜಾಸ್ತಿ ತಡೆಯುವುದು ಗಾಳಿ. ಏರಿನಲ್ಲಿ ತಡೆಯುವುದು ನಮ್ಮದೇ ತೂಕ. ಆಗ ನಾನು, ಸೈಕಲ್ಲು ಸೇರಿ 84 ಕಿಲೋ ಇದ್ದೆವು. ಶೇಕಡ 8ರ ಏರಿನಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗಕ್ಕೆ ಸುಮಾರು 240 ವ್ಯಾಟ್ ಶಕ್ತಿ ಬೇಕು. ಅದು ಚೆನ್ನಾಗಿ ಪಳಗಿದ ಮೈಗೆ ಒಗ್ಗುವ ಕೆಲಸ. ಅದೇ ಏರನ್ನು 6 ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ಸುಮಾರು 120 ವ್ಯಾಟ್ ಸಾಕು. ಏರು ಅದೇ, ತಲುಪುವ ಜಾಗ ಅದೇ. ಪ್ರತಿ ಕ್ಷಣ ಕಾಲು ಕೊಡಬೇಕಾದ ಶಕ್ತಿ ಮಾತ್ರ ಅರ್ಧ. ಮೊದಲ ದಿನ ನನ್ನನ್ನು ಇಳಿಸಿದ್ದು ಏರಲ್ಲ, ನನ್ನ ಆತುರ.

ಆದರೆ ನಿಧಾನವಾಗಿ ಹೋಗಬೇಕಾದರೆ ಸೈಕಲ್ ಒಪ್ಪಬೇಕು. ಇಲ್ಲೇ ನಾನು ಎರಡು ತಿಂಗಳು ಹಾಳು ಮಾಡಿಕೊಂಡೆ. ನನ್ನ ಹಳೆಯ ಸೈಕಲ್ಲಿನ ಎಲ್ಲಕ್ಕಿಂತ ಹಗುರ ಗೇರ್ ಅಂದರೆ ಚೈನ್ ಕೂರುವ ಮುಂದಿನ ಹಲ್ಲುಚಕ್ರಕ್ಕೆ 39 ಹಲ್ಲು, ಹಿಂದಿನದಕ್ಕೆ 25. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. 6 ಕಿಲೋಮೀಟರ್ ವೇಗದಲ್ಲಿ ಹೋದರೆ ನಿಮಿಷಕ್ಕೆ ಮೂವತ್ತೇ ಸುತ್ತು. ಒಂದೊಂದು ಸುತ್ತೂ ಭಾರದ ಕಲ್ಲು ಹೊರಳಿಸಿದ ಹಾಗೆ. ಆ ಭಾರವೆಲ್ಲ ಮಂಡಿಯ ಮೇಲೆ. ಈಗ ಮುಂದೆ 34, ಹಿಂದೆಯೂ 34 ಹಲ್ಲು ಹಾಕಿಸಿದ್ದೇನೆ. ಒಂದು ಸುತ್ತಿಗೆ ಬರೀ 2.1 ಮೀಟರ್. ಅದೇ ವೇಗದಲ್ಲಿ ನಿಮಿಷಕ್ಕೆ ಸುಮಾರು 48 ಸುತ್ತು ತಿರುಗುತ್ತದೆ. ಕಾಲು ಒತ್ತುವುದಿಲ್ಲ, ತಿರುಗುತ್ತದೆ. ಹಗುರ ಗೇರ್ ಕೈಲಾಗದವರಿಗೆ ಅನ್ನುವ ಮಾತನ್ನು ನಾವಿಬ್ಬರೂ ಹುಡುಗರಾಗಿದ್ದಾಗ ನಂಬಿದ್ದೆವು. ಟೂರ್ ದ ಫ್ರಾನ್ಸ್‌ನಲ್ಲೂ 1937ರವರೆಗೆ ಓಡುತ್ತಲೇ ಗೇರ್ ಬದಲಿಸುವ ಡಿರೈಲರ್‌ಗೆ ಅನುಮತಿ ಇರಲಿಲ್ಲ. ಏರು ಬಂದರೆ ಇಳಿದು, ಹಿಂದಿನ ಚಕ್ರ ಬಿಚ್ಚಿ, ಇನ್ನೊಂದು ಬದಿಯ ಹಗುರ ಗೇರ್ ಸಿಗುವಂತೆ ತಿರುಗಿಸಿ ಹಾಕಿ, ಮತ್ತೆ ಹತ್ತುತ್ತಿದ್ದರು. ಆ ಕಷ್ಟ ನಮಗೆ ಬೇಡ.

ಗೇರ್ ಅನ್ನು ಏರು ಶುರುವಾಗುವ ಮೊದಲೇ ಇಳಿಸಿಬಿಡು. ಕಾಲು ಸೋತ ಮೇಲೆ ಜೋರಾಗಿ ಒತ್ತುತ್ತಾ ಇಳಿಸಿದರೆ ಚೈನ್ ಕಟಕಟ ಅನ್ನುತ್ತದೆ, ಕೆಲವೊಮ್ಮೆ ಕಳಚಿಕೊಳ್ಳುತ್ತದೆ.

ಮಂಡಿಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನೀನೂ ಅಲ್ಲೇ ಎಡವುತ್ತೀಯ ಅಂತ ನನಗೆ ಭಯ. ಹೊಸ ಗೇರ್ ಹಾಕಿಸುವ ಮೊದಲಿನ ಮಾತು ಇದು. ನಾಲ್ಕನೇ ವಾರಕ್ಕೆ ಉಸಿರು ಎಷ್ಟು ಸುಧಾರಿಸಿತ್ತು ಅಂದರೆ ನನಗೇ ನಂಬಿಕೆ ಬರಲಿಲ್ಲ. ಖುಷಿಯಲ್ಲಿ ವಾರಕ್ಕೆ ಐದು ದಿನ ಏರು ಹತ್ತಿದೆ. ಐದನೇ ವಾರ ಬಲ ಮಂಡಿಯ ಮುಂಭಾಗ ನೋಯಲು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು. ಮೂರು ವಾರ ಸೈಕಲ್ ಮುಟ್ಟುವ ಹಾಗಿರಲಿಲ್ಲ. ಆ ಮೂರು ವಾರ ಬಹಳ ಕಷ್ಟವಾಯಿತು, ಮತ್ತೆ ಎಲ್ಲ ಕೈಬಿಟ್ಟುಹೋಯಿತು ಅನ್ನಿಸಿತ್ತು.

ಆಮೇಲೆ ಅರ್ಥವಾಯಿತು. ಮೈಯೆಲ್ಲ ಒಂದೇ ವೇಗದಲ್ಲಿ ವಾಪಸ್ ಬರುವುದಿಲ್ಲ. ವ್ಯಾಯಾಮ ಶುರು ಮಾಡಿದ ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ನೂಕುತ್ತದೆ. ಸ್ನಾಯುಗಳೂ ವಾರಗಳಲ್ಲಿ ಎಚ್ಚೆತ್ತುಕೊಳ್ಳುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಎಳೆಗಳಿಗೆ ರಕ್ತ ಹರಿಯುವುದೇ ಕಡಿಮೆ. ಅವು ಬಲಗೊಳ್ಳಲು ತಿಂಗಳುಗಳೇ ಬೇಕು. ಹಾಗಾಗಿ ಉಸಿರು "ಹೋಗೋಣ" ಅನ್ನುವಾಗ ಮಂಡಿ ಇನ್ನೂ ತಯಾರಾಗಿರುವುದಿಲ್ಲ. ನೀನು ಮಂಡಿಯ ಮಾತು ಕೇಳು.

ಸೀಟಿನ ಎತ್ತರವೂ ನೋಡಿಕೋ. ನನ್ನದು ತಗ್ಗಾಗಿತ್ತು. ಸೀಟು ತಗ್ಗಾದರೆ ಮಂಡಿ ಜಾಸ್ತಿ ಮಡಚಿ, ಮುಂಭಾಗಕ್ಕೆ ಹೊರೆ ಬೀಳುತ್ತದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಳ್ಳು. ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಮಾತ್ರ ಬಾಗಿರುತ್ತದೆ. ಶುರು ಮಾಡೋಕೆ ಇಷ್ಟು ಸಾಕು.

ಈಗ ನಾನು ವಾರಕ್ಕೆ ಎರಡೇ ದಿನ ಏರು ಹತ್ತುತ್ತೇನೆ, ಮಧ್ಯೆ ಎರಡು ದಿನವಾದರೂ ಬಿಡುವು ಕೊಟ್ಟು. ಇನ್ನೆರಡು ದಿನ ಸಮತಟ್ಟು ದಾರಿಯಲ್ಲಿ ಹಗುರವಾಗಿ ಓಡಿಸುತ್ತೇನೆ. ಏರಿನಲ್ಲಿ ನನಗೆ ಒಂದೇ ಅಳತೆ. ಒಂದು ಪೂರ್ತಿ ವಾಕ್ಯ ಆಡಲು ಆಗಬೇಕು. ಎರಡು ಪದಕ್ಕೇ ಉಸಿರು ಕಟ್ಟಿದರೆ ವೇಗ ಇಳಿಸುತ್ತೇನೆ. ಇಳಿಸಲು ಗೇರ್ ಉಳಿದಿಲ್ಲದಿದ್ದರೆ ಕಾಲು ಊರಿ ನಿಲ್ಲುತ್ತೇನೆ. ಎದೆ ಬಿಗಿದರೆ, ತಲೆ ಸುತ್ತಿದರೆ ಯೋಚನೆ ಮಾಡದೆ ಇಳಿದುಬಿಡು, ವೈದ್ಯರ ಹತ್ತಿರ ಹೋಗು. ನಮ್ಮ ವಯಸ್ಸಿಗೆ, ಇಷ್ಟು ವರ್ಷ ಬಿಟ್ಟ ಮೇಲೆ, ಶುರು ಮಾಡುವ ಮೊದಲೇ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ನಾನು ತೋರಿಸಿಕೊಂಡೇ ಹೊರಟೆ. ನೀನೂ ಹಾಗೇ ಮಾಡು, ನನಗೋಸ್ಕರ.

ಹೊಟ್ಟೆ ಕರಗುತ್ತಾ ಅಂತಲೂ ನೀನು ಕೇಳಿದ್ದೆ. ಬರೀ ಏರನ್ನೇ ನಂಬಬೇಡ. ಆ ಎರಡು ಕಿಲೋಮೀಟರ್ ಹತ್ತಲು ನನಗೆ ಖರ್ಚಾಗುತ್ತಿದ್ದದ್ದು 150 ಕ್ಯಾಲರಿಯ ಆಸುಪಾಸು. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದೇನೆ, ಅದರಲ್ಲಿ ಊಟ ಹಿತಮಿತ ಮಾಡಿದ್ದರ ಪಾಲೂ ದೊಡ್ಡದು. ಆದರೆ ಆ ನಾಲ್ಕು ಕಿಲೋ ಏರಿನಲ್ಲಿ ಗೊತ್ತಾಗುತ್ತದೆ. ಹೊರೆಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಕಡಿಮೆಯಾಯಿತಲ್ಲ.

ಇಳಿಯುವಾಗ ಒಂದು ಜಾಕೆಟ್ ಇರಲಿ. ಹತ್ತುವಾಗ ಮೈಗೆ ಗಾಳಿಯೇ ತಾಗುವುದಿಲ್ಲ, ಬೆವರು ಹರಿಯುತ್ತದೆ. ಇಳಿಯುವಾಗ ಆ ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿ ನಡುಕ ಬರುತ್ತದೆ. ಬ್ರೇಕನ್ನು ಒಂದೇ ಸಮನೆ ಹಿಡಿದಿರಬೇಡ. ತಿರುವಿಗೆ ಮೊದಲೇ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡು.

ಮೊನ್ನೆ ಬೆಳಗ್ಗೆ ಹತ್ತುತ್ತಿದ್ದೆ. ನೀನು ಫೋನಿನಲ್ಲಿ ಕೇಳಿದ್ದಕ್ಕೆ ಏನು ಬರೆಯಲಿ ಅಂತ ಯೋಚಿಸುತ್ತಿದ್ದೆ. ನೋಡಿದರೆ ನಾಲ್ಕನೇ ತಿರುವಿನಲ್ಲಿದ್ದೇನೆ. ಮೂರನೆಯದು ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ. ಮೇಲೆ ತಲುಪಿದಾಗ ಹದಿನೈದು ನಿಮಿಷವಾಗಿತ್ತು. ಕಣ್ಣು ತುಂಬಿ ಬಂತು ಕಣೋ, ಸುಮ್ನೆ ನಿಂತುಬಿಟ್ಟೆ.

ನಿನ್ನ ಸೈಕಲ್ಲಿನ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಎಷ್ಟು ಹಲ್ಲಿದೆ, ಮುಂದಿನ ಚಿಕ್ಕದಕ್ಕೆ ಎಷ್ಟಿದೆ, ಎಣಿಸಿ ಬರಿ. ಅಲ್ಲಿಂದ ಶುರು ಮಾಡೋಣ.

ನಿನ್ನ ಗೆಳೆಯ