ಶಿರಸ್ತ್ರಾಣದ ನೀರು

ಪುಟ್ಟಿ,

ಅಮ್ಮನ ಫೋನಾದರೆ ಎರಡನೇ ರಿಂಗಿಗೇ ಎತ್ತುತ್ತೀಯ, ನನ್ನದಾದರೆ ಹೊಡೆದು ಹೊಡೆದು ಸುಮ್ಮನಾಗುತ್ತೆ. ಹನ್ನೊಂದು ದಿನ ಆಯಿತು, ಅದಕ್ಕೇ ಈ ಕಾಗದ. ಆ ರಾತ್ರಿ ಊಟಕ್ಕೆ ಕೂತಾಗ, ಅಲೆಕ್ಸಾಂಡರ್ ದೊಡ್ಡ ಸೇನಾಪತಿಯೋ ಕಟುಕನೋ ಅನ್ನುವ ವಾದದಲ್ಲಿ, ನಿನ್ನ ಸ್ನೇಹಿತೆಯ ಎದುರು ನಾನು ಆಡಿದ್ದನ್ನೆಲ್ಲ ಇಲ್ಲಿ ಮತ್ತೆ ಬರೆಯಲ್ಲ, ನಿನಗೂ ನೆನಪಿದೆ, ನನಗೂ ಇದೆ. "ಒಂದು ದಿನವಾದರೂ ಬೆನ್ನ ಮೇಲೆ ಸಿಪಾಯಿಯ ಪಿಟ್ಠು ಚೀಲ ಹೊತ್ತಿದ್ದೀಯಾ" ಅಂದದ್ದು ಮಾತ್ರ ತಪ್ಪು. ಉಳಿದದ್ದರಲ್ಲಿ ಅರ್ಧ ಸರಿಯೇ ಅಂತ ಈಗಲೂ ನನ್ನ ಹಟ.

ಬೆಳಗಿನ ಬಸ್ಸಿಗೆ ಹೊರಟ ರಭಸಕ್ಕೆ ಚಟ್ನಿಪುಡಿ ಡಬ್ಬ, ಸ್ಟೀಲಿನ ನೀರಿನ ಬಾಟಲಿ, ಅಲೆಕ್ಸಾಂಡರನ ಬಗ್ಗೆ ಹಳಬರು ಬರೆದದ್ದನ್ನೆಲ್ಲ ಒಟ್ಟು ಹಾಕಿದ ಆ ದಪ್ಪ ಪುಸ್ತಕ, ಮೂರನ್ನೂ ಬಿಟ್ಟು ಹೋಗಿದ್ದೀಯ. ಪುಸ್ತಕವನ್ನು ನಾನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ನೀನು ಪೆನ್ಸಿಲಿನಲ್ಲಿ ಗೆರೆ ಎಳೆದ ಕಡೆ ನಿಧಾನವಾಗಿ, ಎಳೆಯದ ಕಡೆ ಇನ್ನೂ ನಿಧಾನವಾಗಿ. ಏನು ಬಿಟ್ಟಿದ್ದೀಯ ಅಂತ ಹುಡುಕುವ ಕೆಟ್ಟ ಆಸೆಯೂ ಇತ್ತು ಅನ್ನು.

ಝೀಲಂ ನದಿಗೆ ನೀನು ಗೆರೆ ಎಳೆದೇ ಇಲ್ಲ! ಕ್ರಿ.ಪೂ. 326. ಆಚೆ ದಡದಲ್ಲಿ ಆನೆಗಳನ್ನು ನಿಲ್ಲಿಸಿಕೊಂಡು ರಾಜ ಪೋರಸ್. ಈಚೆ ಅಲೆಕ್ಸಾಂಡರ್ ರಾತ್ರಿಯಾದರೆ ಸಾಕು, ಕುದುರೆಗಳನ್ನು ದಡದುದ್ದಕ್ಕೂ ಓಡಿಸಿ, ಕೂಗು ಹಾಕಿಸಿ, ದಾಟಿಯೇಬಿಟ್ಟ ಅನ್ನುವಂತೆ ಮಾಡುವುದು. ಪೋರಸ್ ಪ್ರತಿ ಸಲವೂ ಆನೆ ಹೊರಡಿಸಿಕೊಂಡು ಬಂದು ಬಂದು, ಕೊನೆಗೆ ಬೇಸತ್ತು ಬರುವುದನ್ನೇ ಬಿಟ್ಟ. ಆಮೇಲೆ ತನ್ನ ದಳಪತಿ ಕ್ರೇಟರಸನನ್ನು ಶಿಬಿರದಲ್ಲೇ ಬಿಟ್ಟು, ಇವನು ಗುಡುಗು ಮಳೆಯ ರಾತ್ರಿಯಲ್ಲಿ ಎಷ್ಟೋ ಮೈಲಿ ಮೇಲಕ್ಕೆ ಹೋಗಿ ದಾಟಿದ. ದಾಟಿ ಇಳಿದರೆ ಅದು ದಡವಲ್ಲ, ದ್ವೀಪ. ಮುಂದೆ ಇನ್ನೊಂದು ಕವಲು, ಎದೆಮಟ್ಟ ನೀರು. ಅದರಲ್ಲೂ ಇಳಿದ. ಇದನ್ನು ಓದಿ ಮೈ ಜುಮ್ ಅನ್ನದವರ ಜೊತೆ ಸೇನಾಪತಿತನದ ಬಗ್ಗೆ ನಾನು ಹೇಗೆ ವಾದ ಮಾಡಲಿ?

ನಿನ್ನ ಗೆರೆಗಳೂ ನನ್ನ ಕಣ್ಣಿಗೆ ಬಿದ್ದಿವೆ. ಟೈರ್ ಅನ್ನುವ ದ್ವೀಪನಗರ: ಏಳು ತಿಂಗಳ ಮುತ್ತಿಗೆ, ಸಮುದ್ರಕ್ಕೇ ಕಟ್ಟೆ ಕಟ್ಟಿ ಗೆದ್ದದ್ದು. ನಾನು ಕಟ್ಟೆಯ ಕಥೆ ಹೇಳುತ್ತಿದ್ದೆ. ಆಮೇಲೆ 8,000 ಜನ ಸತ್ತದ್ದು, 30,000 ಜನರನ್ನು ಗುಲಾಮರಾಗಿ ಮಾರಿದ್ದು ಅವನ ಚರಿತ್ರೆ ಬರೆದ ಗ್ರೀಕ ಅರಿಯನ್ನನೇ ಬರೆದಿದ್ದಾನೆ, ಅದನ್ನು ನಾನು ಹೇಳಿರಲಿಲ್ಲ. ಮಸ್ಸಗದ ಕೋಟೆಯಲ್ಲಿ ಒಪ್ಪಂದ ಮಾಡಿಕೊಂಡು ಹೊರಬಂದ ಬಾಡಿಗೆ ಸೈನಿಕರನ್ನು ಕೊಲ್ಲಿಸಿದ್ದು, ಗ್ರಾನಿಕಸ್ ಕಾಳಗದಲ್ಲಿ ತನ್ನ ಪ್ರಾಣ ಉಳಿಸಿದ ಕ್ಲೈಟಸನನ್ನೇ ಕುಡಿದ ಅಮಲಿನಲ್ಲಿ ಈಟಿಯಿಂದ ಇರಿದದ್ದು. ಕಟುಕ ಅಂದೆ ನೀನು. ಆಗಲಿ. ಇರಾನಿನ ಹಳೆಯ ಜರತುಷ್ಟ್ರ ಪಂಥದವರು ಅವನನ್ನು ಶಾಪಗ್ರಸ್ತ ಅಂತಲೇ ಕರೆದರಂತೆ. ಅದೇ ನೆಲದ ಮಹಾಕಾವ್ಯ ಷಾನಾಮೆಯಲ್ಲಿ ಅವನು ಪಾರಸೀಕರದೇ ರಾಜರಕ್ತದ ಸಿಕಂದರ್. ಮನೆ ಸುಟ್ಟುಹೋದವರೇ ಎರಡು ಮಾತಾಡುವಾಗ ಊಟದ ಮೇಜಿನ ಮುಂದೆ ತೀರ್ಪು ಕೊಡಲು ನಾವಿಬ್ಬರೂ ಯಾರು ಅಂತ ಈಗ ಅನ್ನಿಸುತ್ತದೆ. ಆವತ್ತು ಅನ್ನಿಸಲಿಲ್ಲ.

ಗೆದ್ರೋಸಿಯಾ ಮರಳುಗಾಡಿಗೆ ಬರುತ್ತೇನೆ. ಅಲ್ಲಿ ನಿನ್ನದೇ ಸರಿ, ಒಪ್ಪಿದೆ. ನಾನು ಇಪ್ಪತ್ತೆರಡು ವರ್ಷ ಸೈನ್ಯದ ಸಪ್ಲೈಯಲ್ಲಿದ್ದವನು, ಅಕ್ಕಿ, ಬೇಳೆ, ಡೀಸೆಲ್, ನೀರು ಎಣಿಸಿದವನು. ಕ್ರಿ.ಪೂ. 325ರಲ್ಲಿ, ಈಗಿನ ಬಲೂಚಿಸ್ತಾನದ ಮಕ್ರಾನ್ ಮರಳಿನಲ್ಲಿ, 60 ದಿನ. ಜೊತೆಗೆ ಹೆಂಗಸರು, ಮಕ್ಕಳು, ವ್ಯಾಪಾರಿಗಳು. ಕರಾವಳಿಯಲ್ಲಿ ಬರುವ ನೌಕಾಪಡೆಯ ನಾಯಕ ನಿಯಾರ್ಕಸನ ಹಡಗುಗಳಿಗೆ ಬಾವಿ ತೋಡಿ ಧಾನ್ಯ ಇಟ್ಟು ಹೋಗಬೇಕಾದ ಸೈನ್ಯ ಅದು, ತನಗೇ ತಿನ್ನಲು ಇರಲಿಲ್ಲ. ಹೇಗೋ ಕೂಡಿಸಿ ಮುದ್ರೆ ಹಾಕಿ ಕಡಲ ಕಡೆಗೆ ಕಳಿಸಿದ ಧಾನ್ಯವನ್ನು ಕಾವಲಿನವರೇ ಮುದ್ರೆ ಒಡೆದು ತಿಂದರು. ಅವನು ಕ್ಷಮಿಸಿದ. (ನಮ್ಮಲ್ಲಾಗಿದ್ದರೆ ಎನ್‌ಕ್ವೈರಿ ಮುಗಿಯುವಷ್ಟರಲ್ಲಿ ನಾನು ರಿಟೈರ್ ಆಗುತ್ತಿದ್ದೆ.) ಹೇಸರಗತ್ತೆಗಳನ್ನು ಕೊಂದು ತಿಂದು, ಬಿಸಿಲಿಗೆ ಸತ್ತವು ಅಂತ ಸುಳ್ಳು ಹೇಳಿದರು. ಅವನು ಗೊತ್ತಿಲ್ಲದವನಂತೆ ಇದ್ದ. ಒಂದು ರಾತ್ರಿ ಸಣ್ಣ ಹಳ್ಳದ ಪಕ್ಕ ಡೇರೆ ಹಾಕಿದ್ದಾಗ, ಕಣ್ಣಿಗೆ ಕಾಣದ ಬೆಟ್ಟದಲ್ಲಿ ಸುರಿದ ಮಳೆಗೆ ಹಳ್ಳ ಉಕ್ಕಿ ಬಂತು. ಜೊತೆಗಿದ್ದ ಹೆಂಗಸರು ಮಕ್ಕಳಲ್ಲಿ ಹೆಚ್ಚಿನವರು ಹೋದರು. ನೀರಿಲ್ಲದೆ ಬಂದವರು ನೀರಿಗೇ. ನಾಲ್ಕರಲ್ಲಿ ಒಂದು ಪಾಲು ಸೈನ್ಯವೂ ವಾಪಸ್ ಬರಲಿಲ್ಲ ಅನ್ನುತ್ತಾನೆ ಇನ್ನೊಬ್ಬ ಗ್ರೀಕ ಲೇಖಕ ಪ್ಲೂಟಾರ್ಕ್. ದಾರಿಯ ಕಷ್ಟ ಗೊತ್ತಿದ್ದೇ ಹೊಕ್ಕನಂತೆ. ಹಿಂದೆ ರಾಣಿ ಸೆಮಿರಾಮಿಸ್ ಇಪ್ಪತ್ತು ಜನರೊಂದಿಗೆ, ಪಾರಸೀಕರ ದೊರೆ ಸೈರಸ್ ಏಳು ಜನರೊಂದಿಗೆ ಪಾರಾಗಿ ಬಂದರು ಅಂತ ಕೇಳಿದ್ದನಲ್ಲ, ಅವರನ್ನು ಮೀರಿಸಬೇಕಿತ್ತು. ಸಪ್ಲೈಯವನಾಗಿ ನಾನು ಇದಕ್ಕೆ ಸಹಿ ಹಾಕುತ್ತಿರಲಿಲ್ಲ.

ಆದರೆ ನಾನು ನಿನಗೆ ಚಿಕ್ಕಂದಿನಲ್ಲಿ ಹೇಳಿದ್ದು ಇದಾವುದೂ ಅಲ್ಲ. ಹೇಳಿದ್ದು ಆ ಒಂದು ಕಥೆ: ಬಾಯಾರಿ ನಡೆಯುತ್ತಿದ್ದ ರಾಜನಿಗೆ ಸೈನಿಕರು ಎಲ್ಲೋ ಹುಡುಕಿ ಶಿರಸ್ತ್ರಾಣದಲ್ಲಿ ಒಂದಿಷ್ಟು ನೀರು ತಂದರು, ಅವನು ಎಲ್ಲರ ಎದುರು ಅದನ್ನು ಮರಳಿಗೆ ಚೆಲ್ಲಿದ, ಪ್ರತಿಯೊಬ್ಬನೂ ತಾನೇ ಕುಡಿದಷ್ಟು ಹುರುಪಾದ.

ನೀನು ಆವತ್ತು ಏನೂ ಕೂಗಾಡಲಿಲ್ಲ. ತಟ್ಟೆ ನೋಡಿಕೊಂಡು, "ಅಪ್ಪ, ಜೋಧಪುರದ ರೈಲಿನಲ್ಲಿ ನನಗೆ ನಿಜವಾಗಲೂ ಬಾಯಾರಿಕೆ ಆಗಿತ್ತು" ಅಂದೆ. ನಾನು ಕೂಗಾಡಿದ್ದು ಅದಕ್ಕೆ ಕಣೆ. ಅಲೆಕ್ಸಾಂಡರನಿಗಾಗಿ ಅಲ್ಲ.

ನಿನಗೆ ಐದು ವರ್ಷ, ನೆನಪಿರಲ್ಲ ಅಂದುಕೊಂಡಿದ್ದೆ. ಜೂನ್ ತಿಂಗಳು. ನಿನ್ನ ತಮ್ಮನ ಹೆರಿಗೆಗೆ ಅಮ್ಮ ಊರಿಗೆ ಹೋಗಿದ್ದಳು, ನಾನು ನಿನ್ನನ್ನು ಕರೆದುಕೊಂಡು ರಜೆಗೆ ಹೊರಟಿದ್ದೆ. ಜೈಸಲ್ಮೇರ್ ಬಿಟ್ಟು ಎಲ್ಲೋ ನಡುಮರಳಿನಲ್ಲಿ ರೈಲು ನಿಂತದ್ದು ನಾಲ್ಕು ಗಂಟೆ ಅಲುಗಲಿಲ್ಲ. ಬೋಗಿಯ ತುಂಬ ನಮ್ಮ ಯೂನಿಟ್ಟಿನ ಹುಡುಗರು, ಅವರ ನೀರು ಖಾಲಿ. ನನ್ನ ಬಾಟಲಿಯಲ್ಲಿ ಕಾಲು ಭಾಗ ಇತ್ತು. ಎಲ್ಲರಿಗೂ ಸಾಲದ್ದು ನಮಗೂ ಬೇಡ ಅಂತ ಅದನ್ನು ಮೇಲಿನ ಬರ್ತಿನಲ್ಲಿ ಇಟ್ಟೆ. ಒಬ್ಬ ಹುಡುಗ, "ಸಾಬ್, ಬಚ್ಚಿಗಾದರೂ ಕೊಡಿ" ಅಂದ. ನಾನು ತಲೆ ಅಲ್ಲಾಡಿಸಿ, ಹವಾಲ್ದಾರನ ಮಗಳು ಅವಳು ಅಂದೆ. ನಿನ್ನ ಕೈಯಲ್ಲಿ ಒದ್ದೆ ಕರ್ಚೀಫು ಇತ್ತು, ಮೂಲೆಯನ್ನು ಚೀಪುತ್ತಾ ಕೂತಿದ್ದೆ, ಚೌಕುಳಿ ಚೌಕುಳಿಯದು, ನೀಲಿ. ಅಳಲಿಲ್ಲ. ಅಳದ್ದನ್ನು ನಾನು ಇಪ್ಪತ್ತು ವರ್ಷ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ. ಬಾಟಲಿ ಮಾತ್ರ ನೆನಪಿನಿಂದ ಇಳಿಯುತ್ತಿಲ್ಲ. ಕಾಲು ಭಾಗ. ಆ ಹುಡುಗರಿಗೆ ಅದು ನಾಲಗೆ ಒದ್ದೆಯಾಗುವಷ್ಟೂ ಅಲ್ಲ, ನಿನಗೆ ಹೊಟ್ಟೆ ತುಂಬ. ಲೆಕ್ಕ ನನ್ನ ಕಸುಬು, ಗೊತ್ತಿಲ್ಲದೆ ಮಾಡಿದ್ದಲ್ಲ. ಹುಡುಗರು ನನ್ನತ್ತ ನೋಡುತ್ತಿದ್ದರು, ಆ ನೋಟ ಹಿತವಾಗಿತ್ತು. ಜೋಧಪುರ ಬಂದಮೇಲೆ ನಲ್ಲಿಗೆ ಬಾಯಿ ಕೊಟ್ಟು ಕುಡಿದೆ ನೀನು, ಫ್ರಾಕೆಲ್ಲ ಒದ್ದೆ. ಮೇಲಿನ ಬರ್ತಿನ ನೀರನ್ನು, ಬಿಸಿಯಾಗಿದೆ ಅಂತ, ನಾನು ಪ್ಲಾಟ್‌ಫಾರ್ಮಿಗೆ ಚೆಲ್ಲಿದೆ.

ಈಗ ನಿನ್ನ ಪುಸ್ತಕಕ್ಕೆ ಬರುತ್ತೇನೆ. ಆ ನೀರಿನ ಕಥೆ ಒಂದಲ್ಲವಂತೆ, ಮೂರು ಕಡೆ ಮೂರು ಥರ ಇದೆ. ನೀನು ಮೂರಕ್ಕೂ ಗೆರೆ ಎಳೆದು ಪಕ್ಕದಲ್ಲಿ "ಅಪ್ಪ" ಅಂತ ಬರೆದಿದ್ದೀಯ, ಬೇರೇನೂ ಬರೆದಿಲ್ಲ. ಮರಳಿಗೆ ಚೆಲ್ಲಿದ್ದು ಅರಿಯನ್ನನದು, ನಾನು ಹೇಳಿದ್ದು. ಪ್ಲೂಟಾರ್ಕನಲ್ಲಿ ಇದು ಪಾರಸೀಕರ ದೊರೆ ಡೇರಿಯಸನನ್ನು ಅಟ್ಟಿಸಿಕೊಂಡು ಹೋಗುವಾಗ. ನೀರು ಹೊತ್ತು ಬರುತ್ತಿದ್ದವರನ್ನು ಯಾರಿಗೆ ಅಂತ ಕೇಳುತ್ತಾನೆ. ನಮ್ಮ ಮಕ್ಕಳಿಗೆ, ಆದರೆ ನೀವು ಬದುಕಿದ್ದರೆ ಬೇರೆ ಮಕ್ಕಳಾದಾರು, ಅನ್ನುತ್ತಾರೆ. ಅವನು ಕುಡಿಯದೆ ಹಿಂದಿರುಗಿಸುತ್ತಾನೆ. ರೋಮಿನ ಲೇಖಕ ಕರ್ಟಿಯಸನಲ್ಲಿ ಮಧ್ಯ ಏಷ್ಯಾದ ಸೊಗ್ಡಿಯಾದ ಮರಳು. ಅಲ್ಲೂ ಅಪ್ಪಂದಿರು ಚರ್ಮದ ಚೀಲದಲ್ಲಿ ಮಕ್ಕಳಿಗೆ ನೀರು ಒಯ್ಯುತ್ತಿರುತ್ತಾರೆ. ಒಬ್ಬನೇ ಕುಡಿಯಲಾರೆ, ಇಷ್ಟನ್ನು ಹಂಚಲೂ ಆಗದು, ಓಡಿ ಹೋಗಿ ಮಕ್ಕಳಿಗೇ ಕೊಡಿ ಅನ್ನುತ್ತಾನೆ. ಇಷ್ಟು ವರ್ಷ ನಾನು ಶಿರಸ್ತ್ರಾಣ ಹಿಡಿದವನನ್ನೇ ನೋಡಿದೆ. ನೀರು ಹೊತ್ತವರು ಕಣ್ಣಿಗೇ ಬಿದ್ದಿರಲಿಲ್ಲ.

ಇನ್ನೊಂದು ವಿಷಯ. ವಾದ ಮಾಡುವಾಗ ನೀನು ಎದುರಿನವನ ಮಾತು ಮುಗಿಯುವ ಮುಂಚೆ ಉತ್ತರ ಸಿದ್ಧ ಮಾಡಿಕೊಂಡು ಕೂರುತ್ತೀಯ, ಅದು ಒಳ್ಳೆಯದಲ್ಲ. ಪ್ರಬಂಧ ಓದುವ ದಿನ ಹಾಗೆ ಮಾಡಬೇಡ. ಝೀಲಂ ಬಿಟ್ಟರೆ ನಿನ್ನ ವಾದದಲ್ಲಿ ತೂತು ಉಳಿಯುತ್ತದೆ, ಸೇರಿಸು. ಮೂರು ಹೊತ್ತೂ ಉಣ್ಣು. ಹೋದ ಪರೀಕ್ಷೆಯಲ್ಲಿ ಜ್ವರ ಇಟ್ಟುಕೊಂಡೇ ಬರೆದು, ಫಲಿತಾಂಶ ಬಂದ ಮೇಲೆ ಅಮ್ಮನಿಗೆ ಹೇಳಿದೆಯಲ್ಲ, ಅಮ್ಮ ಹೆಮ್ಮೆಪಟ್ಟಳು, ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆ ಕರ್ಚೀಫು ಚೀಪುವ ಮುಖವೇ ಅದು. ಬೇಕು ಅಂದರೆ ಬೇಕು ಅನ್ನು, ಪುಟ್ಟಿ. ನೋಡು, ಉಪದೇಶ ಮಾಡಬಾರದು ಅಂದುಕೊಂಡು ಕಾಗದ ಶುರು ಮಾಡಿದವನು ಎಲ್ಲಿಗೆ ಬಂದೆ.

ಹಾಗೆ ನೋಡಿದರೆ, ಮೂರು ಕಥೆಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ, ಅರವತ್ತೆರಡಕ್ಕೆ ನೀನು ಕಲಿಸಿದೆ. ನಿನ್ನೆ ಮಾವನ ಮುಂದೆ ಕರ್ಟಿಯಸ್ ಕರ್ಟಿಯಸ್ ಅಂತ ಎರಡು ಸಲ ಹೇಳಿ ಮೆರೆದೆ.

ಮೂರೂ ಸಾಮಾನು ಇವತ್ತು ಕೊರಿಯರಿಗೆ ಕೊಟ್ಟೆ. ಕೌಂಟರಿನ ಹುಡುಗ ಬಾಟಲಿ ಅಲ್ಲಾಡಿಸಿ, ಒಳಗೆ ಏನಾದರೂ ಇದೆಯಾ ಸಾರ್ ಅಂತ ಕೇಳಿದ. ತುಂಬಿಸಿ ಕಳಿಸಲು ಬಿಡುವುದಿಲ್ಲವಂತೆ. ಖಾಲಿ ಕಳಿಸಿದ್ದೇನೆ, ಮುಚ್ಚಳದ ವಾಷರ್ ಹೊಸದು ಹಾಕಿಸಿದ್ದೇನೆ. ತಲುಪಿದ ಮೇಲೆ ಅಮ್ಮನಿಗೆ ಫೋನ್ ಮಾಡಿದರೂ ಸಾಕು, ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಅಪ್ಪ