ಆ ಕೆಂಪು ನೀರನ್ನು ನಮ್ಮ ಮಕ್ಕಳಿಗೂ ತೋರಿಸಿ

ಮಾನ್ಯರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ನ್ಯಾನೋ ಚಿನ್ನದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳ, ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಲೇಸರ್ ಕಿರಣ ಹಾಯಿಸಿದರೆ ಚಿನ್ನ ನೀರಿನಲ್ಲಿ ಕರಗುತ್ತದೆ ಎಂದು ಅದರಲ್ಲಿತ್ತು. ಕರಗುವುದಿಲ್ಲ. ನಾನು ಅಕ್ಕಸಾಲಿಗರ ಮನೆಯ ಮಗಳು, ಈಗ ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಸುಮ್ನೆ ಇರಲು ಆಗಲಿಲ್ಲ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಮಾಡಿದ್ದು ಇದನ್ನೇ. ಕಿರುಬೆರಳಿನ ಉಗುರಿನಷ್ಟು ಅಪರಂಜಿ ತಗಡನ್ನು ಬೀಕರಿನ ತಳದಲ್ಲಿಟ್ಟು, ಮೇಲೆ ಒಂದು ಸೆಂಟಿಮೀಟರ್ ಡಿಸ್ಟಿಲ್ಡ್ ವಾಟರ್ ಹಾಕಿದ್ದೆವು. ಮೇಲಿನಿಂದ ಲೆನ್ಸ್ ಮೂಲಕ ಲೇಸರ್ ಬೀಳುತ್ತಿತ್ತು, ಸೆಕೆಂಡಿಗೆ 10 ಏಟು. ಪ್ರತಿ ಏಟಿಗೂ ಟಕ್ ಎಂಬ ಸದ್ದು, ತಗಡಿನ ಮೇಲೆ ಬೆಳ್ಳನೆ ಕಿಡಿ. ಅಪ್ಪ ಸಣ್ಣ ಸುತ್ತಿಗೆಯಲ್ಲಿ ತಗಡು ಬಡಿಯುವ ಸದ್ದೇ ನೆನಪಾಯಿತು. ಸ್ವಲ್ಪ ಹೊತ್ತಿಗೆ ಕಿಡಿಯ ಸುತ್ತ ತಿಳಿ ಗುಲಾಬಿ ಹೊಗೆಯಂಥದ್ದು ಎದ್ದಿತು. ಆಮೇಲೆ ನೀರೆಲ್ಲ ದಾಳಿಂಬೆ ರಸದ ಹಾಗೆ ಕೆಂಪು.

ಒಳಗೆ ನಡೆಯುವುದು ಇಷ್ಟು. ಆ ಏಟು ಇರುವುದು ಕೆಲವೇ ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು). ಅಷ್ಟರಲ್ಲೇ ತಗಡಿನ ಮೇಲ್ಪದರ ಕಾದು ಆವಿಯಾಗಿ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಹೊತ್ತ ಬಿಸಿ ಅನಿಲ, ಆಗುತ್ತದೆ. ಸುತ್ತ ನೀರಿರುವುದರಿಂದ ಅದಕ್ಕೆ ಹರಡಿಕೊಳ್ಳಲು ಜಾಗವಿಲ್ಲ. ಬಿಸಿಗೆ ಒಂದು ಗುಳ್ಳೆ ಉಬ್ಬುತ್ತದೆ, ಮರುಗಳಿಗೆಯಲ್ಲೇ ಕುಸಿಯುತ್ತದೆ. ಅಷ್ಟರೊಳಗೆ ಚಿನ್ನದ ಪರಮಾಣುಗಳು ತಣಿದು ಒಂದಕ್ಕೊಂದು ಅಂಟಿ ಕಣಗಳಾಗಿ ನೀರಿಗೆ ಸೇರುತ್ತವೆ. ಅಂದರೆ ನೀರಿನಲ್ಲಿ ತೇಲುವುದು ಚಿನ್ನದ ಪುಡಿಯೇ. ಇಷ್ಟು ಸಣ್ಣ ಕಣಗಳು 520 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಹಸಿರು ಬೆಳಕನ್ನು ಹೀರಿಕೊಳ್ಳುತ್ತವೆ, ಅದಕ್ಕೇ ನಮ್ಮ ಕಣ್ಣಿಗೆ ಕೆಂಪು. ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಕಣಗಳು ಗುಂಪುಗೂಡಿ ನೀರು ನೀಲಿಗೆ ತಿರುಗುತ್ತದೆ. ಕರಗಿದ್ದರೆ ಹೀಗಾಗುತ್ತಿತ್ತಾ?

ಬಾಟಲಿಯನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅರ ಹಾಕಿದಾಗ ಉದುರುವ ಪುಡಿಯನ್ನೂ ಅಂಗಡಿ ಗುಡಿಸಿದ ಕಸವನ್ನೂ ಎತ್ತಿಡುವ ಮನುಷ್ಯ ಅವರು. ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. 'ಎಷ್ಟಿದೆ ಮಗಾ ಇದರಲ್ಲಿ?' ಎಂದರು. 'ಒಂದು ಮಿಲಿಗ್ರಾಂ ಕೂಡ ಇಲ್ಲ ಅಪ್ಪ' ಎಂದೆ. ಅವರು ನಂಬಲಿಲ್ಲ.

ಲೇಖನದಲ್ಲಿ ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ದ್ರವದೊಳಗೆ ಲೇಸರ್ ಬಿಟ್ಟು ಕಣ ಮಾಡುವ ಈ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು ನಮ್ಮ ಪಕ್ಕದ ಪುಣೆಯದು. 1987ರಲ್ಲೇ ಅಲ್ಲಿನ ವಿಶ್ವವಿದ್ಯಾಲಯದವರು ನೀರಿನೊಳಗಿನ ಕಬ್ಬಿಣದ ಮೇಲೆ ಲೇಸರ್ ಬಿಟ್ಟು ಕಬ್ಬಿಣದ ಆಕ್ಸೈಡ್ ಪಡೆದು, ಫಿಸಿಕಲ್ ರಿವ್ಯೂ ಲೆಟರ್ಸ್ ಎಂಬ ಭೌತಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಬರ್ಲಿನ್ನಿನ ವಿಜ್ಞಾನಿಗಳಾದ ಫೋಜ್ಟಿಕ್ ಮತ್ತು ಹೆಂಗ್ಲೈನ್ ಅವರ ಇದೇ ವಿಧಾನದ ಹೆಸರಾಂತ ಪ್ರಬಂಧ ಬಂದದ್ದು 1993ರಲ್ಲಿ. ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು ಅಲ್ವಾ?

ಈ ವಿಧಾನದಲ್ಲಿ ಎಲ್ಲವೂ ಸುಲಭ ಎನ್ನುತ್ತಿಲ್ಲ. ಚಿನ್ನದ ಲವಣವನ್ನು ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಜೊತೆ ಕುದಿಸುವ 1951ರ ವಿಧಾನ ತುಂಬಾ ಅಗ್ಗ. ಲೇಸರ್ ದುಬಾರಿ. ನಮ್ಮಂಥ ಲ್ಯಾಬುಗಳಲ್ಲಿ ಗಂಟೆಗೆ ಸಿಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಜರ್ಮನಿಯಲ್ಲಿ 2016ರಲ್ಲಿ 500 ವಾಟ್ ಲೇಸರಿನಿಂದ ಗಂಟೆಗೆ 4 ಗ್ರಾಂ ಪ್ಲಾಟಿನಂ ಕಣ ತೆಗೆದಿದ್ದಾರೆ, ಆ ಯಂತ್ರದ ಮಾತೇ ಬೇರೆ. ಇನ್ನು ತಾಮ್ರವನ್ನು ನೀರಿನಲ್ಲಿಟ್ಟು ಮಾಡಿದರೆ ಆಕ್ಸೈಡ್ ಆಗಿಬಿಡುತ್ತದೆ. ಆದರೆ ಲೇಸರಿನಿಂದ ಬಂದ ಚಿನ್ನದ ಕಣದ ಮೈಗೆ ಬೇರೆ ಯಾವ ರಾಸಾಯನಿಕವೂ ಅಂಟಿರುವುದಿಲ್ಲ, ತೊಳೆಯುವ ಕೆಲಸವೂ ಇಲ್ಲ. ಔಷಧದ ಸಂಶೋಧನೆ ಮಾಡುವವರಿಗೆ ಇದು ದೊಡ್ಡ ಅನುಕೂಲ.

ನನ್ನ ಕೋರಿಕೆ ಇಷ್ಟೇ. ಇಂಥ ಲೇಸರ್ ಇರುವ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ತಿಂಗಳಿಗೆ ಒಂದು ಶನಿವಾರವಾದರೂ ಡಿಗ್ರಿ ಕಾಲೇಜುಗಳ ಮಕ್ಕಳಿಗೆ ಲ್ಯಾಬ್ ತೆರೆಯಲಿ. ನನ್ನ ವಿದ್ಯಾರ್ಥಿಗಳು ಆ ಕೆಂಪು ನೀರನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾರೆ. ಆದರೆ ಒಬ್ಬೊಬ್ಬರಿಗೂ ಕಣ್ಣು ಕಾಪಾಡುವ ಒಂದೊಂದು ಕನ್ನಡಕ ಇಟ್ಟುಕೊಂಡೇ ಕರೆಯಲಿ. ನಾನು ಕೆಲಸ ಮಾಡಿದ ಲ್ಯಾಬಿನಲ್ಲಿ ಮೂವರಿಗೆ ಒಂದೇ ಕನ್ನಡಕವಿತ್ತು. ಆ ಲೇಸರಿನ 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ್ದಕ್ಕೆ ರೆಪ್ಪೆ ಮುಚ್ಚುವುದೂ ಇಲ್ಲ, ರೆಟಿನಾ ಸುಟ್ಟ ಮೇಲೆಯೇ ಗೊತ್ತಾಗುವುದು. ಕೂಲಿಂಗ್ ಗ್ಲಾಸ್ ಸಾಲದು, ಆ ತರಂಗಕ್ಕೆಂದೇ ಮಾಡಿದ ಕನ್ನಡಕ ಬೇಕು. ಕೈಯಲ್ಲಿ ಉಂಗುರವಿದ್ದರೆ ಅದರಿಂದಲೂ ಕಿರಣ ಕಣ್ಣಿಗೆ ಚಿಮ್ಮಬಹುದು. ಅಪ್ಪ ಮಾಡಿಕೊಟ್ಟ ಉಂಗುರವನ್ನು ನಾನು ಮೊದಲ ಸಲ ಬೆರಳಿನಿಂದ ತೆಗೆದದ್ದು ಆ ಲ್ಯಾಬಿನ ಬಾಗಿಲಲ್ಲಿ.

ಯಾವುದಾದರೂ ವಿಭಾಗ ಒಪ್ಪಿದರೆ ನಮ್ಮ ಕಾಲೇಜಿನ ನಲವತ್ತು ಮಕ್ಕಳನ್ನು ಬಸ್ಸಿನಲ್ಲಿ ಕರೆತರುವ ಜವಾಬ್ದಾರಿ ನನ್ನದು. ತಗಡಿನ ಚಿನ್ನವನ್ನೂ ನಾನೇ ತರುತ್ತೇನೆ.

– ಭೌತಶಾಸ್ತ್ರ ಉಪನ್ಯಾಸಕಿ, ಸಾಗರ