ಮೂರನೇ ಗೇರಿಗೆ ದುಡ್ಡು ಕೊಡೋ ಮುಂಚೆ

ಪ್ರೀತಿಯ ಗೆಳೆಯಾ,

ಫೋಟೋ ನೋಡಿದೆ. ನಿನ್ನ ರಿಮೋಟ್ ನೈಟ್ರೋ ಕಾರಿನ ಸ್ಪರ್ ಗೇರು, ಅದೇ ಎಂಜಿನ್ನಿನ ಬಲ ಚಕ್ರದ ಕಡೆಗೆ ದಾಟಿಸೋ ದೊಡ್ಡ ಪ್ಲಾಸ್ಟಿಕ್ ಗೇರು, ಇಲಿ ಕಡಿದ ಕೊಬ್ಬರಿ ಥರ ಆಗಿದೆ. ಎರಡು ಹೋಯ್ತು, ಮೂರನೇದು ಸ್ಟೀಲಿಂದೇ ಹಾಕ್ತೀನಿ ಅಂತ ಬರೆದಿದ್ದೀಯ. ತಡಿ ಮಾರಾಯ. ಫೋಟೋನ ದೊಡ್ಡದು ಮಾಡಿ ನೋಡು, ಹಲ್ಲುಗಳ ಒಂದು ಅಂಚು ಮಾತ್ರ ಸವೆದಿದೆ, ಇನ್ನೊಂದು ಅಂಚು ಹೊಸದರ ಹಾಗೇ ಇದೆ. ಅಂದ್ರೆ ಎದುರಿನ ಕ್ಲಚ್ ಬೆಲ್, ಎಂಜಿನ್ ಶಾಫ್ಟಿನ ತುದೀಲಿ ಸ್ಪರನ್ನು ತಿರುಗಿಸೋ ಆ ಹಲ್ಲಿನ ಬಟ್ಟಲು, ಓರೆಯಾಗಿ ತಿರುಗ್ತಿದೆ. ಸ್ಟೀಲ್ ಹಾಕಿದರೆ ಆ ಪೆಟ್ಟು ಬೆಲ್ಲಿಗೋ ಎಡ ಬಲ ಚಕ್ರಕ್ಕೆ ಬಲ ಹಂಚೋ ಡಿಫರೆನ್ಷಿಯಲ್ಲಿಗೋ ಹೋಗುತ್ತೆ, ಅಷ್ಟೇ.

ಎಂಜಿನ್ ತಣ್ಣಗಾದ ಮೇಲೆ ಬೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸು. ಲೊಡಲೊಡ ಅಂದ್ರೆ ಒಳಗಿನ ಬೇರಿಂಗು ಹೋಗಿದೆ. ಶಾಫ್ಟಿನುದ್ದಕ್ಕೆ ಒಂಚೂರು ಸರಿದರೆ ತಪ್ಪಿಲ್ಲ, ಅದು ಇರಲೇಬೇಕು. ಕ್ಲಚ್ಚಿನ ಬಿಸಿಗೆ ಗ್ರೀಸು ಒಣಗಿ ಆ ಬೇರಿಂಗುಗಳು ಬೇಗ ಸಾಯ್ತವೆ. ನಾನೂ ಇದು ಗೊತ್ತಾಗದೆ ಒಂದು ಮಳೆಗಾಲ ಪೂರ್ತಿ ಗೇರು ಕೊಂಡವನೇ.

ಬೇರಿಂಗು ಸರಿಯಿದ್ದರೆ ಎಂಜಿನ್ನೇ ಸೊಟ್ಟ ಕೂತಿದೆ. ಅದನ್ನು ಕೂರಿಸಿರೋ ನಾಲ್ಕೂ ಸ್ಕ್ರೂ ಸಡಿಲಿಸು. ನೋಟ್‌ಬುಕ್ ಹಾಳೆಯಿಂದ ಒಂದು ಪಟ್ಟಿ ಹರಿದು ಎರಡು ಗೇರಿನ ನಡುವೆ ತೂರಿಸಿ, ಎಂಜಿನ್ನನ್ನು ಒತ್ತಿ ಹಿಡಿದು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡು. ಗೇರು ತಿರುಗಿಸಿದಾಗ ಹಾಳೆ ನಿರಿಗೆ ನಿರಿಗೆಯಾಗಿ ಈಚೆ ಬರಬೇಕು. ಹರಿದು ಬಂದರೆ ಬಿಗಿ ಹೆಚ್ಚು. ಆಮೇಲೆ ಬೆಲ್ ಹಿಡಿದುಕೊಂಡು ಸ್ಪರ್ ಅಲುಗಿಸಿದರೆ ಸಣ್ಣಗೆ ಟಿಕ್ ಅನ್ನಬೇಕು. ಒಂದೇ ಕಡೆ ನೋಡಿ ಸುಮ್ಮನಾಗಬೇಡ. ಪ್ಲಾಸ್ಟಿಕ್ ಗೇರು ಪೂರಾ ದುಂಡಗಿರೋದು ಅಪರೂಪ. ಕಾಲು ಕಾಲು ಸುತ್ತು ತಿರುಗಿಸಿ, ಎಲ್ಲಿ ಅತಿ ಬಿಗಿಯೋ ಅಲ್ಲೇ ಹಾಳೆ ಇಟ್ಟು ಹೊಂದಿಸು. ಬಿಗಿಯಾದರೆ ಕಾರು ಕೀರಲು ದನಿ ತೆಗೆಯುತ್ತೆ, ಬೇರಿಂಗು ಬೇಯುತ್ತೆ. ಸಡಿಲಾದರೆ ಥ್ರಾಟಲ್ ಕೊಟ್ಟ ಕೂಡಲೇ ಹಲ್ಲು ಉದುರುತ್ತೆ.

ಸ್ಕ್ರೂಗೆ ನೀಲಿ ಥ್ರೆಡ್ ಲಾಕ್, ಅಂದ್ರೆ ಸ್ಕ್ರೂ ಸಡಿಲಾಗದ ಹಾಗೆ ಹಿಡಿಯೋ ಅಂಟು, ಹಚ್ಚು, ಕೆಂಪು ಬೇಡ, ಆಮೇಲೆ ಬಿಚ್ಚೋಕೆ ಒದ್ದಾಡ್ತೀಯ. ಅದಕ್ಕೂ ಮುಂಚೆ ಸ್ಕ್ರೂ, ತೂತು ಎರಡನ್ನೂ ಬ್ರೇಕ್ ಕ್ಲೀನರಿನಲ್ಲಿ ತೊಳಿ. ನೈಟ್ರೋ ಇಂಧನದ ಎಣ್ಣೆ ಎಲ್ಲ ಕಡೆ ನುಗ್ಗಿರುತ್ತೆ, ಜಿಡ್ಡಿನ ಮೇಲೆ ಅಂಟು ಹಿಡಿಯಲ್ಲ.

ಬೇರಿಂಗು ತರೋದಾದರೆ ಹಳೇದನ್ನು ವರ್ನಿಯರಿನಲ್ಲಿ ಅಳೆದು ತಾ. 5×10×4 ಮಿಲಿಮೀಟರಿನದೂ (ಒಳವ್ಯಾಸ, ಹೊರವ್ಯಾಸ, ದಪ್ಪ) 5×11×4ರದೂ ಕಣ್ಣಿಗೆ ಒಂದೇ ಥರ ಕಾಣುತ್ತೆ. ನನ್ನ ಡಬ್ಬಿಯಲ್ಲಿ ತಪ್ಪಿ ತಂದ ಒಂದು ಜೊತೆ ಈಗಲೂ ಬಿದ್ದಿದೆ, ನಿನ್ನದಕ್ಕೆ ಹೊಂದಿದರೆ ಹೇಳು.

ನಿನ್ನ ಗೆಳೆಯ